ಒಂದೇ ಎಮ್ಮೆ, ಎರಡು ಹಗ್ಗ

ನದಾಫ ಸರ್ ಅವರ ಕ್ಲಾಸಿನಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ನಾಲ್ಕರ ಕೀಬೋರ್ಡಿನಲ್ಲೂ ಬರೆದದ್ದನ್ನು ಅಳಿಸುವ ಬ್ಯಾಕ್‌ಸ್ಪೇಸ್ ಕೀಲಿ ಇರಲಿಲ್ಲ. ಮುರಿದು ಹೋಗಿದ್ದವು ಎಂದುಕೊಳ್ಳಬೇಡಿ. ಸರ್ ಅವರೇ ಸಣ್ಣದೊಂದು ಉಳಿಯಿಂದ ಮೀಟಿ, ಜೋಪಾನವಾಗಿ ಎಬ್ಬಿಸಿ, ತಮ್ಮ ಅಡಿಕೆ ಡಬ್ಬಿಯಲ್ಲಿ ಹಾಕಿಟ್ಟುಕೊಂಡಿದ್ದರು. ಡಿಲೀಟ್ ಕೀಲಿಗಳಿಗೂ ಅದೇ ಗತಿ. ಅಡಿಕೆ ಹೋಳು ಹುಡುಕಲು ಡಬ್ಬಿ ಅಲ್ಲಾಡಿಸಿದಾಗೆಲ್ಲ ಆ ಎಂಟು ಕೀಲಿಗಳು ಗಿಲಿಗಿಲಿ ಎನ್ನುತ್ತಿದ್ದವು. ಹೊಸದಾಗಿ ಸೇರಿದವರು ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

“ಭಾಂಡೆ ಮ್ಯಾಲೆ ಕೊರದ ಅಕ್ಷರ ಅಳಸಾಕ ಬರತೈತೇನ್ ತಂಗಿ? ಮೊದಲ ವಿಚಾರ ಮಾಡು. ಆಮ್ಯಾಲೆ ಬೆರಳು ಎತ್ತು.”

ಭಾಂಡೆಯ ಮಾತು ಅವರು ಸುಮ್ಮನೆ ಆಡುತ್ತಿರಲಿಲ್ಲ. ಬೈಲಹೊಂಗಲದ ಬಜಾರದಲ್ಲಿ ಒಂದು ಭಾಂಡೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹನ್ನೆರಡು ವರ್ಷ ಅವರು ಪಾತ್ರೆಗಳ ಮೇಲೆ ಹೆಸರು ಹಾಕಿದವರು. ಮದುವೆಗೆ ಕೊಡುವ ಕೊಡ, ತಂಬಿಗೆ, ಗಂಗಾಳಗಳ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುವ ಕೆಲಸ. ಆ ಅಭ್ಯಾಸ ಕೈ ಬಿಟ್ಟಿರಲಿಲ್ಲ. ಕೀಬೋರ್ಡಿನ ಮೇಲೆ ಒಂದೊಂದು ಅಕ್ಷರ ಒತ್ತುವಾಗಲೂ ಉಸಿರು ಬಿಗಿ ಹಿಡಿಯುತ್ತಿದ್ದರು. ಸಾಲು ಮುಗಿದ ಮೇಲೆ ಪರದೆಯ ಮೇಲೆ ಉಫ್ ಎಂದು ಊದುತ್ತಿದ್ದರು. ಅಲ್ಲಿ ಲೋಹದ ಪುಡಿ ಇಲ್ಲ ಎಂದು ಅವರಿಗೆ ನೆನಪಿಸಿದವರು ಯಾರೂ ಇರಲಿಲ್ಲ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಹನ್ನೊಂದು ಗಂಗಾಳಗಳ ಮೇಲೆ ತಪ್ಪು ಹೆಸರು ಕೊರೆದುಬಿಟ್ಟಿದ್ದರಂತೆ. ಮದುಮಗಳ ಹೆಸರು ಬೇರೆ, ಚೀಟಿ ಅದಲು ಬದಲಾಗಿ ಇವರು ಹಾಕಿದ್ದು ‘ಪಾರ್ವತಿ’ ಅಂತ. ಗಿರಾಕಿ ಬಂದು ಬೈದರು. ಅಂಗಡಿಯ ಸಾವಕಾರರು ಚೀಟಿ ಬರೆದ ಆಳಿನ ತಪ್ಪು ಎಂದರು. ಇವರು ಮಾತ್ರ, ಓದದೆ ಕೊರೆದದ್ದು ನಾನು ಎಂದು ಹನ್ನೊಂದೂ ಗಂಗಾಳಗಳನ್ನು ತಾವೇ ಕೊಂಡು ಮನೆಗೆ ಒಯ್ದರು. ಮುಂದೆ ಮದುವೆಯಾಗಿ ಬಂದ ಅವರ ಹೆಂಡತಿ ಮೊದಲ ದಿನವೇ ಕೇಳಿದ್ದು, “ಈ ಪಾರ್ವತಿ ಯಾರ್ರಿ?” ಅಂತ. “ಇವತ್ತಿಗೂ ನಮ್ಮ ಮನ್ಯಾಗ ಪಾರ್ವತಿ ಗಂಗಾಳದಾಗ ಉಣತೇವಿ. ಇವತ್ತಿಗೂ ಆಕಿಗೆ ಪೂರಾ ನಂಬಿಕಿ ಬಂದಿಲ್ಲ” ಎಂದು ಸರ್ ಹೇಳಿದಾಗ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಆ ಕತೆಯಲ್ಲಿ ನಗುವುದು ಮಾತ್ರ ಇದೆ ಎಂದು ಆಗ ಅಂದುಕೊಂಡಿದ್ದೆ.

ಲಗ್ನಪತ್ರಿಕೆ ಅಚ್ಚು ಹಾಕಲೆಂದು ಕೊಂಡ ಹಳೆಯ ಕಂಪ್ಯೂಟರು ಅವರಿಗೆ ಹುಚ್ಚು ಹಿಡಿಸಿತು. ಎರಡು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತು ಬಂದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ಭಾಂಡೆ ಅಂಗಡಿಯ ಮಹಡಿಯ ಮೇಲೆ ಕ್ಲಾಸು ಶುರುವಾಯಿತು. ಕೆಳಗೆ ದಿನವಿಡೀ ಟಣ್ ಟಣ್ ಸದ್ದು, ಮೇಲೆ ಜಾವಾ ಪಾಠ. ನಾನು ಮನೋಳಿಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಸೇರಿದಾಗ ನನಗೆ ಇಪ್ಪತ್ತು ವರ್ಷ. ಟೇಲರ್ ಆಗಿದ್ದ ನನ್ನ ಅಪ್ಪ ಒಂದು ಕರಾರಿನ ಮೇಲೆ ಕಳಿಸಿದ್ದರು: “ಒಂದಽ ಒಂದು ಮಾತು ನನ್ನ ಕಿವಿಗೆ ಬಿತ್ತಂದ್ರ ಬಸ್ಸು ಬಂದ್.” ಎಂಥ ಮಾತು ಎಂದು ಅವರು ಬಿಡಿಸಿ ಹೇಳಲಿಲ್ಲ, ನಾನು ಕೇಳಲಿಲ್ಲ.

ಸರ್ ಮಾಡಿದ ಪಾಠಗಳಲ್ಲಿ ನನಗೆ ಮರೆಯಲಾಗದ್ದು ಒಂದೇ. ಆ ದಿನ ಅವರು ಕೆಳಗಿನ ಅಂಗಡಿಯಿಂದ ಒಂದು ತಾಮ್ರದ ಹಂಡೆಯನ್ನು ಹೊತ್ತು ತಂದು ಕ್ಲಾಸಿನ ನಡುವೆ ಇಟ್ಟರು. ಮೊದಲು ನನಗೂ ನನ್ನ ಪಕ್ಕದ ಹುಡುಗಿಗೂ ಒಂದೊಂದು ಪಾಟಿ, ಬಳಪ ಕೊಟ್ಟರು. ನನ್ನ ಪಾಟಿಯ ಮೇಲೆ ಐದು ಎಂದು ಬರೆಸಿದರು, ಅದನ್ನು ನೋಡಿ ಅವಳಿಗೂ ಬರೆಯಲು ಹೇಳಿದರು. ಆಮೇಲೆ ನನ್ನದನ್ನು ಅಳಿಸಿ ಒಂಬತ್ತು ಬರೆಸಿದರು.

“ಆಕೀದು ಬದಲಾತೇನು?”

“ಇಲ್ರಿ ಸರ್.”

“ಬರೇ ಸಂಖ್ಯಾ ಇದ್ರ ಹಿಂಗ. ವೇರಿಯೇಬಲ್ ಅಂದ್ರ ಪಾಟಿ. ಬೆಲಿ ಅದರ ಮ್ಯಾಲೇ ಇರತೈತಿ. ನಿಂದು ನಿನಗ, ಆಕೀದು ಆಕಿಗೆ. ಆದ್ರ ಆಬ್ಜೆಕ್ಟ್ ಅಂದ್ರ ಎಮ್ಮಿ. ಎಮ್ಮೀನ ಪಾಟಿ ಮ್ಯಾಲೆ ಕೂಡಸಾಕ ಆಗೂದಿಲ್ಲ. ಅದು ಕೊಟ್ಟಿಗ್ಯಾಗ ನಿಂತಿರತೈತಿ, ನಿನ್ನ ಕೈಯಾಗ ಬರೇ ಹಗ್ಗ.” ಹಂಡೆಯ ಕಿವಿಗೆ ಒಂದು ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟರು. “‘ನ್ಯೂ’ ಅಂತ ಬರದಾಗ ಮಾತ್ರ ಹೊಸಾ ಎಮ್ಮಿ ಹುಟ್ಟತೈತಿ. ಬರೇ ಇದು ಈಕ್ವಲ್ ಅದು ಅಂತ ಬರದ್ರ ಹುಟ್ಟೂದು ಎಮ್ಮಿ ಅಲ್ಲ, ಇನ್ನೊಂದು ಹಗ್ಗ.” ಅದೇ ಹಂಡೆಗೆ ಎರಡನೆಯ ಹಗ್ಗ ಕಟ್ಟಿ ನನ್ನ ಗೆಳತಿಗೆ ಕೊಟ್ಟರು. ನಮ್ಮಿಬ್ಬರನ್ನೂ ಎದುರು ಬದುರು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆಮೇಲೆ ಅವಳನ್ನು ಕರೆದು ಅವಳ ಎಮ್ಮೆಗೆ ಒಂದು ಕೊಡ ನೀರು ಹಾಕಿಸಿದರು. ಆಮೇಲೆ ನನಗೆ, “ತಿರಿಗಿ ನೋಡು ತಂಗಿ. ನಿನ್ನ ಎಮ್ಮಿ ಹೆಂಗೈತಿ?”

ಹಂಡೆಯಲ್ಲಿ ನೀರಿತ್ತು.

“ನೀ ಹಾಕಿಲ್ಲ. ಮತ್ತ ನೀರು ಎಲ್ಲಿಂದ ಬಂತು? ಎರಡು ಹೆಸರು ಅದಾವು ಅಂದ್ರ ಎರಡು ಜೀವ ಅದಾವು ಅಂತ ತಿಳೀಬ್ಯಾಡ. ಹಗ್ಗ ಹಿಡದು ಹಿಂದ ಹೋಗಿ ಕಣ್ಲೇ ನೋಡು.”

ಅಷ್ಟರಲ್ಲಿ ಕೆಳಗಿನಿಂದ ಸಾವಕಾರರು, “ನದಾಫ, ಹಂಡೇಕ್ ಗಿರಾಕಿ ಬಂದೈತೋ!” ಎಂದು ಕೂಗಿದರು. ಎಮ್ಮೆಯನ್ನು ಬರಿದು ಮಾಡಿ, ಒರೆಸಿ, ಕೆಳಗೆ ಒಯ್ದರು. ಹೊಸದೆಂದು ಅದನ್ನು ಕೊಂಡವರಿಗೆ ಅದು ಜಾವಾ ಕಲಿಸಿ ಬಂದ ಹಂಡೆ ಎಂದು ಗೊತ್ತಾಗಲಿಲ್ಲ.

ಅಂದಿನಿಂದ ಹಗ್ಗ ಮತ್ತು ಎಮ್ಮೆ ನಮ್ಮ ಕ್ಲಾಸಿನ ಭಾಷೆಯಾಯಿತು. ಏನನ್ನೂ ತೋರಿಸದ ಖಾಲಿ ರೆಫರೆನ್ಸ್, ಅಂದರೆ ಬರೀ ಹಗ್ಗ, ಹಿಡಿದು ಪ್ರೋಗ್ರಾಮ್ ಮುಗ್ಗರಿಸಿದರೆ ಸರ್, “ಹಗ್ಗ ಐತಿ, ಎಮ್ಮಿ ಇಲ್ಲ” ಎನ್ನುತ್ತಿದ್ದರು. ಕರೆಂಟು ಹನ್ನೊಂದಕ್ಕೆ ಬರುತ್ತದೆ ಎಂದು ಆಫೀಸಿನವರು ಹೇಳಿ ಮಧ್ಯಾಹ್ನ ಒಂದಾದರೂ ಬಾರದಿದ್ದಾಗಲೂ ಅದೇ ಮಾತು. ಸವದತ್ತಿಗೆ ಹೊಸ ಬಸ್ಸು ಬಿಡುತ್ತೇವೆ ಎಂದು ಭಾಷಣ ಮಾಡಿ ಹೋದವರಿಗೂ ಅದೇ ಮಾತು. ಇನ್ನೊಂದು ನಿಯಮವೂ ಇತ್ತು. ಪ್ರತಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಬರೆದವರ ಹೆಸರು ಇರಬೇಕು. ಹೆಸರಿಲ್ಲದ ತಂಬಿಗೆ ಮದುವೆ ಮನೆಯಲ್ಲಿ ಕಳೆದುಹೋಗುತ್ತದೆ ಎಂದು ಅವರ ಅಂಬೋಣ.

ಮೂರನೆಯ ನಿಯಮವೇ ನನ್ನನ್ನು ಇಂದಿಗೂ ಚುಚ್ಚುವುದು. ಪ್ರೋಗ್ರಾಮ್ ಮುಗಿಯಿತು ಎನ್ನುವ ಮೊದಲು ಒಂದನ್ನು ಬದಲಿಸಬೇಕು, ಆಮೇಲೆ ಎಲ್ಲವನ್ನೂ ಓದಬೇಕು. “ಬದಲಿ ಮಾಡಿದ್ದನ್ನಽ ನೋಡಿ ಖುಷಿ ಪಡಬ್ಯಾಡ. ಬದಲಿ ಮಾಡಲಾರದ್ದನ್ನ ನೋಡು” ಎನ್ನುತ್ತಿದ್ದರು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನವಿಲುತೀರ್ಥದ ಕಾಲುವೆಯ ಕೆಳಗಿನ ಒಂದು ಊರಿನ ನೀರು ಬಳಕೆದಾರರ ಸಂಘದ ಸೆಕ್ರೆಟರಿ ಕ್ಲಾಸಿಗೆ ಬಂದರು. ಊರಿನ ಹೆಸರು ಇಲ್ಲಿ ಬೇಡ. ಅವರ ಕೈಯಲ್ಲಿ ನೀರಿನ ಪಾಳಿಯ ರಜಿಸ್ಟರು ಇತ್ತು: ಯಾವ ರೈತನ ಹೊಲಕ್ಕೆ ಯಾವ ತೂಬಿನಿಂದ, ಯಾವ ವಾರ, ಎಷ್ಟು ತಾಸು ನೀರು ಎಂದು. ಒಬ್ಬರ ಪಾಳಿ ಬದಲಾದರೆ ಇಡೀ ಪುಟ ಹರಿದು ಹೊಸದಾಗಿ ಬರೆಯಬೇಕಾಗುತ್ತಿತ್ತು. ಕಂಪ್ಯೂಟರಿನಿಂದ ಅಚ್ಚು ಹಾಕಿದ ಲಿಸ್ಟು ಬೇಕು ಎಂದರು. ಸರ್ ನನ್ನ ಕಡೆ ನೋಡಿ, “ಈಕಿ ಮಾಡತಾಳ” ಎಂದರು. ಆ ಒಂದು ಮಾತಿಗೆ ನಾನು ಅಂದು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಒಬ್ಬಳೇ ನಕ್ಕಿದ್ದೆ.

ಆ ರಜಿಸ್ಟರಿನಲ್ಲಿ ಬಹಳ ಕಡೆ ಎರಡು ಸಣ್ಣ ಗೀಟುಗಳಿದ್ದವು. ಮೇಲಿನದೇ ಇಲ್ಲಿಯೂ ಎಂದು ಕಾರಕೂನರು ಬರೆಯಲು ಬೇಸತ್ತು ಎಳೆಯುತ್ತಾರಲ್ಲ, ಆ ಗೀಟು. ಅಕ್ಕಪಕ್ಕದ ಎರಡು ಹೊಲಗಳು ಒಂದೇ ತೂಬಿನಿಂದ, ಒಂದೇ ಹೊತ್ತಿನಲ್ಲಿ ನೀರು ಹಂಚಿಕೊಳ್ಳುತ್ತಿದ್ದರೆ ಮೇಲಿನ ರೈತನ ಎದುರು ‘ಗುರುವಾರ ಮುಂಜಾನೆ, ಆರು ತಾಸು’ ಎಂದು ಬರೆದು ಕೆಳಗಿನವನ ಎದುರು ಎರಡು ಗೀಟು. ನಾನೂ ಆ ಕಾರಕೂನರಂತೆಯೇ ಮಾಡಿದೆ. ಗೀಟು ಬಂದಲ್ಲೆಲ್ಲ ಹೊಸ ಪಾಳಿ ಹುಟ್ಟಿಸದೆ, ಕೆಳಗಿನವನ ಪಾಳಿ ಈಕ್ವಲ್ ಮೇಲಿನವನ ಪಾಳಿ ಎಂದು ಬರೆದೆ. ಅಚ್ಚು ಹಾಕಿದರೆ ಲಿಸ್ಟು ಕಣ್ಣಿಗೆ ಕಟ್ಟುವಷ್ಟು ಸರಿಯಾಗಿತ್ತು. ಆದರೆ ಅಲ್ಲಿ ಇಬ್ಬರು ರೈತರಿಗೆ ಎರಡು ಪಾಳಿ ಇರಲಿಲ್ಲ. ಒಂದೇ ಪಾಳಿ ಇತ್ತು, ಎರಡು ಹಗ್ಗ ಇದ್ದವು. ಹಂಡೆಯ ಮುಂದೆ ಹಗ್ಗ ಹಿಡಿದು ನಿಂತಿದ್ದ ನಾನೇ ಅದನ್ನು ಕಾಣಲಿಲ್ಲ.

ಮುಗಿಸಿದ ದಿನ ಕರೆಂಟು ಎರಡು ಸಲ ಹೋಗಿ ಬಂತು. ನನ್ನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಸರ್ ಕೇಳಿದರು, “ಒಂದು ಬದಲಿಸಿ ಎಲ್ಲಾ ಓದಿದಿ?”

“ಓದೀನ್ರಿ ಸರ್.”

ಓದಿರಲಿಲ್ಲ. ಬದಲಿಸಿದ ಒಂದನ್ನು ನೋಡಿದ್ದೆ, ಅಷ್ಟೆ. ಅವರು ನನ್ನ ಮುಖವನ್ನೂ ನೋಡದೆ ಹೂಂ ಎಂದರು. ನನ್ನನ್ನು ಅಷ್ಟು ನಂಬಿದ್ದರು.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಯಲ್ಲಪ್ಪ ಎಂಬ ರೈತನ ಮೇಲಿನ ಸಾಲಿನವರು, ಅಂದರೆ ಪಕ್ಕದ ಹೊಲದವರು, ತಮ್ಮ ಪಾಳಿಯನ್ನು ಗುರುವಾರದಿಂದ ಸೋಮವಾರಕ್ಕೆ ಹಾಕಿಸಿಕೊಂಡರು. ಸೆಕ್ರೆಟರಿ ಕ್ಲಾಸಿಗೆ ಬಂದು ಅವರೊಬ್ಬರದನ್ನೇ ಬದಲಿಸಿ ಹೊಸ ಲಿಸ್ಟು ಒಯ್ದರು. ಯಲ್ಲಪ್ಪನದೂ ತಾನಾಗಿಯೇ ಸೋಮವಾರಕ್ಕೆ ಹೋಯಿತು. ಗುರುವಾರ ಮುಂಜಾನೆ ಖಾಲಿ ಎಂದು ಲಿಸ್ಟು ತೋರಿಸಿತು, ಆ ಆರು ತಾಸನ್ನು ಇನ್ನೊಬ್ಬ ರೈತನಿಗೆ ಕೊಟ್ಟರು. ಯಲ್ಲಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವನ ಹೊಲಕ್ಕೆ ಅವನ ಅಪ್ಪನ ಕಾಲದಿಂದ ಗುರುವಾರವೇ ನೀರು. ಎಂದಿನಂತೆ ಗುರುವಾರ ಉಳ್ಳಾಗಡ್ಡಿಗೆ ನೀರು ಬಿಡಲು ಸಲಿಕೆ ಹಿಡಿದು ತೂಬಿಗೆ ಹೋದ. ಆ ಇನ್ನೊಬ್ಬ ಲಿಸ್ಟು ಹಿಡಿದು ಬಂದ. ಮಾತಿಗೆ ಮಾತು ಬೆಳೆಯಿತು, ಸಲಿಕೆಗಳು ಮೇಲೆದ್ದವು. ಯಲ್ಲಪ್ಪನ ಬಲಗೈಯ ಎರಡು ಬೆರಳು ಹೋದವು.

ಸುದ್ದಿ ಬಂದಾಗ ಕ್ಲಾಸಿನಲ್ಲಿ ಸರ್ ಮತ್ತು ನಾನು ಇಬ್ಬರೇ ಇದ್ದೆವು. ಅವರು ನನ್ನ ಪ್ರೋಗ್ರಾಮ್ ತೆರೆದರು. ಒಂದೊಂದೇ ಸಾಲಿನ ಮೇಲೆ ಬೆರಳು ಇಟ್ಟು ಇಳಿಯುತ್ತ ಹೋದರು. ಆ ಈಕ್ವಲ್ ಚಿಹ್ನೆಯ ಮೇಲೆ ಬೆರಳು ನಿಂತಿತು.

“ಎಲ್ಲಾ ಓದೀನಿ ಅಂದಿದ್ದಿ ತಂಗಿ.”

ನಾನು ಅಳತೊಡಗಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಇಂದು ಇಷ್ಟು ಭಾರವಾಗುತ್ತಿರಲಿಲ್ಲವೋ ಏನೋ. ಅಡಿಕೆ ಡಬ್ಬಿ ತೆರೆದು, ಹುಡುಕಿ, ಒಂದು ಬ್ಯಾಕ್‌ಸ್ಪೇಸ್ ಕೀಲಿ ತೆಗೆದರು. ಅಂಗಿಯ ತುದಿಯಿಂದ ಅದರ ಅಡಿಕೆ ಪುಡಿ ಒರೆಸಿದರು. ಕೀಬೋರ್ಡಿನ ಖಾಲಿ ಗುಳಿಯಲ್ಲಿ ಕೂರಿಸಿ, ಪ್ರೋಗ್ರಾಮಿನ ಮೊದಲ ಸಾಲಿಗೆ ಹೋಗಿ, ನನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಅಳಿಸಿದರು. ಅಲ್ಲಿ ತಮ್ಮ ಹೆಸರು ಬರೆದು, ಕೀಲಿಯನ್ನು ಮತ್ತೆ ಎಬ್ಬಿಸಿ ಡಬ್ಬಿಗೆ ಹಾಕಿದರು. ಅವರು ಏನನ್ನಾದರೂ ಅಳಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಸಂಘದ ಆಫೀಸಿನ ಕಟ್ಟೆಯ ಮೇಲೆ ಸಭೆ ಕೂಡಿತು. ಬರಬೇಡ ಎಂದರೂ ಕೇಳದೆ ನಾನು ಸರ್ ಜೊತೆ ಟೆಂಪೋ ಹತ್ತಿ ಹೋದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಐವತ್ತು ಅರವತ್ತು ಗಂಡಸರು ಇದ್ದರು. ಕಂಪ್ಯೂಟರು ತಾನಾಗಿ ತಪ್ಪು ಮಾಡುವುದಿಲ್ಲ, ಯಾರೋ ಮಾಡಿಸಿದ್ದಾರೆ ಎಂಬುದು ಅವರ ವಾದ. ಒಬ್ಬ ಎದ್ದು ನಿಂತು ಕೇಳಿದ.

“ಗುರುವಾರ ಖಾಲಿ ಮಾಡಿಕೊಡಾಕ ಎಷ್ಟ ತಿಂದಿ ಮಾಸ್ತರ?”

ಸರ್ ಮುಖ ಕೆಂಪಾಯಿತು. “ಯಾರ ಕಡಿಂದೂ ಒಂದು ಚಾ ಸುದ್ದಾ ಕುಡದಿಲ್ರಿ. ಲಿಸ್ಟ್ ನಮ್ಮ ಕ್ಲಾಸಿಂದು. ಮ್ಯಾಲೆ ಹೆಸರು ನಂದೈತಿ. ತಪ್ಪು ಆಗೇತಿ, ನಾ ಒಪ್ಕೋತೇನಿ. ಯಲ್ಲಪ್ಪಗ ಏನ ಪರಿಹಾರ ಆಗಬೇಕು, ನನ್ನ ಕೇಳ್ರಿ.”

“ಹಂಗಾದ್ರ ಬೇಕಂತ ಮಾಡಿ ಅಂದಂಗಾತು!”

ನಾನು ಅರ್ಧ ಎದ್ದೆ. ಸರ್ ತಿರುಗಿ ನೋಡಿ ಅಂಗೈ ಕೆಳಮುಖ ಮಾಡಿ ತೋರಿಸಿದರು. ಕ್ಲಾಸಿನಲ್ಲಿ ನಾವು ವಿಚಾರ ಮಾಡದೆ ಕೀಲಿ ಒತ್ತಲು ಹೋದಾಗ ತೋರಿಸುವ ಅದೇ ಸನ್ನೆ. ನಾನು ಕೂತೆ. ಸನ್ನೆಗೆ ಹೆದರಿ ಕೂತೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಸನ್ನೆ ಕಂಡು ನನಗೆ ಹೋದ ಜೀವ ಬಂದಂತಾಯಿತು.

ಮರಳಿ ಬರುವಾಗ ಟೆಂಪೋದಲ್ಲಿ ನಾನೇ ಮಾತೆತ್ತಿದೆ. “ನಾ ಹೇಳಬೇಕಿತ್ತರಿ ಸರ್.”

“ಹೇಳಿದ್ರ ನಾಳೆ ನಿಮ್ಮಪ್ಪ ಬಸ್ ಹತ್ತಸ್ತಾನೇನು?”

ಹತ್ತಿಸುತ್ತಿರಲಿಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ನಿನ್ನ ಓದು ಮುಗೀಲಿ. ನಿನ್ನ ಕಾಲ ಮ್ಯಾಲೆ ನಿಂತ ಮ್ಯಾಲೆ ಯಲ್ಲಪ್ಪನ ಮುಂದ ಹೋಗಿ ನೀನ ಹೇಳು. ನನ್ನ ಮುಂದಲ್ಲ, ಅವನ ಮುಂದ. ಅಲ್ಲೀತನಕ ನಾನೂ ಒಂದು ಹಗ್ಗ ಹಿಡದಿರತೇನಿ. ಆದ್ರ ಎಮ್ಮಿ ಒಂದಽ ಐತಿ ತಂಗಿ, ಅದು ನಿಂದು. ಮರೀಬ್ಯಾಡ.”

ಮರೆಯುವುದಿಲ್ಲ ಎಂದು ಮಾತು ಕೊಟ್ಟೆ.

ತಪ್ಪು ಸಾಲನ್ನು ಅವರು ಅಂದೇ ತಿದ್ದಿದ್ದರು, ಆದರೆ ಸಂಘದವರು ಮತ್ತೆ ರಜಿಸ್ಟರು ಹಿಡಿದರು. ರೊಕ್ಕ ತಿಂದು ನೀರಿನ ಪಾಳಿ ತಿರುಗಿಸಿದ ಮಾಸ್ತರ ಎಂಬ ಮಾತು ಬಜಾರಕ್ಕೆ ಬರಲು ಒಂದು ವಾರ ಸಾಕಾಯಿತು. ಮೊದಲು ಹಳ್ಳಿಯ ಹುಡುಗರು ಬಿಟ್ಟರು, ಆಮೇಲೆ ಹುಡುಗಿಯರನ್ನು ಅವರವರ ಮನೆಯವರು ಬಿಡಿಸಿದರು. ನಾನು ಪರೀಕ್ಷೆ ಮುಗಿಸಿದ ವರ್ಷವೇ ಕ್ಲಾಸಿಗೆ ಬೀಗ ಬಿತ್ತು. ನಾಲ್ಕು ಕಂಪ್ಯೂಟರುಗಳನ್ನು ಒಬ್ಬರು ಕೊಂಡು ಒಯ್ಯುವಾಗ, ಕೀಬೋರ್ಡಿನಲ್ಲಿ ಕೀಲಿಗಳಿಲ್ಲ ಎಂದು ತಕರಾರು ತೆಗೆದರಂತೆ. ಸರ್ ಅಡಿಕೆ ಡಬ್ಬಿ ಬರಿದು ಮಾಡಿ ಎಂಟನ್ನೂ ಎಣಿಸಿ ಕೊಟ್ಟರಂತೆ.

ನನಗೆ ರಾಮದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ಪ್ರತಿ ವರ್ಷ ರೆಫರೆನ್ಸಿನ ಪಾಠ ಬಂದಾಗ ಬಕೆಟ್ಟಿಗೆ ಎರಡು ಹಗ್ಗ ಕಟ್ಟಿ ಕಲಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮೇಡಂ ಎಷ್ಟು ಚಂದ ತಿಳಿಸಿ ಹೇಳುತ್ತಾರೆ ಎನ್ನುತ್ತಿದ್ದರು. ಇದು ನನ್ನ ಗುರುಗಳದು ಎಂದು ಹೇಳುತ್ತಿದ್ದೆ, ಅವರ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಯಾರಾದರೂ ಆ ನೀರಿನ ಪಾಳಿಯ ಮಾಸ್ತರಾ ಎಂದು ಕೇಳಿಯಾರು ಎಂಬ ಅಂಜಿಕೆ. ನನ್ನ ಕಾಲ ಮೇಲೆ ನಾನು ನಿಂತು ಎರಡು ವರ್ಷವಾಯಿತು, ಮೂರು ವರ್ಷವಾಯಿತು. ಯಲ್ಲಪ್ಪನ ಊರಿಗೆ ಹೋಗುವ ಬಸ್ಸು ನಮ್ಮ ಕಾಲೇಜಿನ ಮುಂದೆಯೇ ಹಾಯುತ್ತಿತ್ತು. ಈ ರಜೆಗೆ ಹೋಗೋಣ, ಮುಂದಿನ ರಜೆಗೆ ಹೋಗೋಣ ಎನ್ನುತ್ತ ದಿನ ದೂಡಿದೆ.

ನನ್ನ ತಂಗಿಯ ಮದುವೆಗೆ ಭಾಂಡೆ ಕೊಳ್ಳಲು ಬೈಲಹೊಂಗಲಕ್ಕೆ ಹೋದಾಗ ಸರ್ ಅವರನ್ನು ಕಡೆಯ ಸಲ ನೋಡಿದೆ. ಅದೇ ಅಂಗಡಿ, ಅದೇ ಮೆಟ್ಟಿಲು. ಕೂದಲು ಪೂರಾ ಬೆಳ್ಳಗಾಗಿತ್ತು. ಉಳಿ ಸುತ್ತಿಗೆಯ ಬದಲು ಕೈಯಲ್ಲಿ ಹೆಸರು ಹಾಕುವ ಕರೆಂಟಿನ ಮಷಿನ್ನು ಗುಂಯ್‌ಗುಡುತ್ತಿತ್ತು. ನನ್ನನ್ನು ಕಂಡು ಕಣ್ಣು ಅರಳಿಸಿ, “ಬಾ ತಂಗಿ, ಬಾ. ಮೇಡಂ ಆಗೀಯಂತ, ಕೇಳಿದೆ” ಎಂದರು. ಚಹಾ ತರಿಸಿದರು. ತಂಗಿಯ ಪಾತ್ರೆಗಳಿಗೆಲ್ಲ ಹೆಸರು ಹಾಕಿ ಮುಗಿಸಿದರು. ನನಗೇ ಎಂದು ಒಂದು ತಂಬಿಗೆ ಕೊಂಡು ಅವರ ಮುಂದೆ ಇಟ್ಟೆ.

“ಯಾರ ಹೆಸರು ಹಾಕ್ಲಿ?”

ಏನು ತಿಳಿಯಿತೋ ಕಾಣೆ, “ನಿಮ್ಮದಽ ಹಾಕ್ರಿ ಸರ್, ನೆನಪಿಗೆ” ಎಂದುಬಿಟ್ಟೆ.

ಅವರು ನಕ್ಕರು. “ನಿನ್ನ ಸಾಮಾನಿಗೆಲ್ಲಾ ನನ್ನ ಹೆಸರು ಹಾಕಸ್ಕೋತ ಎಷ್ಟು ದಿನಾ ತಿರಗತಿ?”

ತಮಾಷೆಗೆ ಅಂದ ಮಾತು ಅದು, ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಉಸಿರು ಬಿಗಿ ಹಿಡಿದು ನನ್ನ ಹೆಸರನ್ನೇ ಕೊರೆದು, ಉಫ್ ಎಂದು ಊದಿ, ತಂಬಿಗೆಯನ್ನು ನನ್ನ ಕೈಗೆ ಇಟ್ಟರು. ಯಲ್ಲಪ್ಪನ ಊರಿಗೆ ಹೋಗಿ ಬಂದೆಯಾ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಅಂದು ನಾನು ಒಳಗೊಳಗೇ ದೇವರಿಗೆ ಕೈ ಮುಗಿದೆ.

ಮುಂದಿನ ವರ್ಷ ಅದೇ ಅಂಗಡಿಗೆ ಹೋದಾಗ ಮೆಟ್ಟಿಲ ಮೇಲೆ ಬೇರೆ ಯಾರೋ ಕೂತಿದ್ದರು. ಸಾವಕಾರರು ಹೇಳಿದರು, ನದಾಫ ಸರ್ ತೀರಿಕೊಂಡು ನಾಲ್ಕು ತಿಂಗಳಾಯಿತು, ಎದೆನೋವು ಬಂದು ದವಾಖಾನೆ ಮುಟ್ಟುವುದರೊಳಗೆ ಹೋದರು ಎಂದು. ಅವರ ಮನೆಗೆ ಹೋದೆ. ಅವರ ಹೆಂಡತಿ ಅಳುತ್ತಲೇ ಅವಲಕ್ಕಿ ತಂದಿಟ್ಟರು. ಗಂಗಾಳದ ಅಂಚಿನಲ್ಲಿ ‘ಪಾರ್ವತಿ’ ಎಂದಿತ್ತು. ಒಂದು ತುತ್ತು ಬಾಯಿಗಿಡಲು ನನ್ನಿಂದ ಆಗಲಿಲ್ಲ.

ಆ ವಾರವೇ ಯಲ್ಲಪ್ಪನ ಊರಿಗೆ ಹೋದೆ. ಅವನು ಮನೆಯ ಮುಂದೆ ಉಳ್ಳಾಗಡ್ಡಿ ರಾಶಿಯ ಪಕ್ಕದಲ್ಲಿ ಕೂತು ಎಡಗೈಯಿಂದ ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ನಿಂತೇ ಹೇಳಿದೆ, ಕೂತರೆ ಎಲ್ಲಿ ಧೈರ್ಯ ಹೋದೀತೋ ಎಂದು.

“ಆ ನೀರಿನ ಲಿಸ್ಟ್ ಬರದಾಕಿ ನಾನ್ರಿ. ನದಾಫ ಸರ್ ಅಲ್ಲ. ತಪ್ಪೆಲ್ಲಾ ನಂದು. ಅವರು ಯಾರ ಕಡಿಂದೂ ಏನೂ ತಗೊಂಡಿರಲಿಲ್ಲ.”

ಅವನು ತಲೆ ಎತ್ತಿ ನನ್ನನ್ನು ನೋಡಿದ.

“ಗೊತ್ತೈತೆವ್ವಾ. ಕೂಡು.”

ನಾನು ಕೂತೆ.

“ನಾ ದವಾಖಾನ್ಯಾಗ ಇದ್ದಾಗಽ ಮಾಸ್ತರು ಬಂದು ಹೇಳ್ಯಾರ. ಒಬ್ಬಾಕಿ ಹುಡುಗಿ ಕಡಿಂದ ಆಗೇತಿ, ಒಂದಿನಾ ತಾನಽ ಬರತಾಳ, ಬಂದ್ರ ಬೈಬ್ಯಾಡ ಅಂದ್ರು. ಮಂದಿ ಮುಂದ ನಾ ಹೇಳತೇನ್ರಿ, ನಿಮ್ಮ ಮ್ಯಾಲಿನ ಮಾತರ ಹೋಗಲಿ ಅಂದ್ರ ಕೇಳಲಿಲ್ಲ. ಆಕೀದು ಆಕೀನಽ ಹೇಳಲಿ ಅಂತ ಆಣಿ ಹಾಕಿದ್ರು.” ಅವನು ಒಂದು ಉಳ್ಳಾಗಡ್ಡಿ ಎತ್ತಿ ಎಲ್ಲಿಗೆ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. “ವರ್ಷಾ ವರ್ಷಾ ಉಳ್ಳಾಗಡ್ಡಿ ಕೀಳೂ ಹೊತ್ತಿಗೆ ತಪ್ಪದ ಬರಾವ್ರು. ಇಲ್ಲೇ, ನೀ ಕುಂತಲ್ಲೇ ಕೂಡಾವ್ರು. ‘ಬಂದಿದ್ಲೇನೋ ಯಲ್ಲಪ್ಪಾ?’ ಅಂತ ಕೇಳಾವ್ರು. ಇಲ್ರಿ ಅನ್ನಾಂವ ನಾ. ಬರತಾಳ ಬಿಡು ಅಂದು, ಚಾ ಕುಡದು ಹೋಗಾವ್ರು. ಹ್ವಾದ ವರ್ಷನೂ ಬಂದಿದ್ರು.”

ಅವನು ಕೈಯಲ್ಲಿದ್ದ ಉಳ್ಳಾಗಡ್ಡಿಯನ್ನು ರಾಶಿಗೆ ಹಾಕಿದ.

“ಈ ವರ್ಷ ಕೇಳಿದ್ರ ಹೌದ್ರಿ ಅಂತಿದ್ದೆ.”